ಹೊದಿಕೆ ಹಾಸಿ ಬೋದು ಏರಿಸಿದ ಹೊಲದಲ್ಲೂ ಮಣ್ಣು ಕೊಚ್ಚಿಹೋಗುತ್ತಿದ್ದರೆ: ದೋಷ ನಿವಾರಣೆ ಕೈಪಿಡಿ

ಇಳಿಜಾರಿಗೆ ಅಡ್ಡಲಾಗಿ ಬೋದು ಏರಿಸಿ, ಹಿಂದಿನ ಬೆಳೆಯ ದಂಟು, ಸೊಪ್ಪನ್ನು ಹೊದಿಕೆಯಾಗಿ ಹಾಸಿದ ಮೇಲೂ ದೊಡ್ಡ ಮಳೆಯ ಮರುದಿನ ಕೆಳಗಿನ ಬದುವಿನ ಬಳಿ ಗೇಣೆತ್ತರ ಗೋಡು, ಅಂದರೆ ಕೊಚ್ಚಿಬಂದ ನಯಮಣ್ಣು, ಬಂದು ನಿಂತಿರುವುದನ್ನು ಕಂಡ ರೈತರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಈ ಪದ್ಧತಿಗಳು ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎಂದು ಕೆಲವರು ಕೈಬಿಡುತ್ತಾರೆ. ಬೋದು ಒಡೆದ ಜಾಗಕ್ಕೆ ಇನ್ನಷ್ಟು ಮಣ್ಣು ಎಳೆದು ಕೆಲವರು ಮುಂದಿನ ಮಳೆಗೆ ಕಾಯುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಹಾನಿ ಕಂಡ ಜಾಗದಲ್ಲೇ ದೋಷವೂ ಇರುವುದು ಅಪರೂಪ. ಬಹುಪಾಲು ಹೊಲಗಳಲ್ಲಿ ಅದು ಅಲ್ಲಿಂದ ಹತ್ತಿಪ್ಪತ್ತು ಮೀಟರ್ ಮೇಲೆ, ನೀರು ಮೊದಲು ಒಟ್ಟುಗೂಡಿದ ಕಡೆ ಇರುತ್ತದೆ. ಆ ಜಾಗವನ್ನು ಹುಡುಕುವ ಕ್ರಮ ಇಲ್ಲಿದೆ.

ಈ ಕೈಪಿಡಿ ಕರ್ನಾಟಕದ ಬಯಲುಸೀಮೆಯ ಮಳೆಯಾಶ್ರಿತ ಹೊಲಗಳಿಗೆ, ಅಂದರೆ ನೂರು ಮೀಟರಿಗೆ ಒಂದರಿಂದ ಐದು ಮೀಟರ್ ಇಳಿಯುವ ಮಸಾರಿ (ಕೆಂಪು) ಮತ್ತು ಎರೆ (ಕಪ್ಪು) ಭೂಮಿಗಳಿಗೆ ಅನ್ವಯಿಸುತ್ತದೆ. ಮಲೆನಾಡಿನ ಕಡಿದಾದ ತೋಟಗಳ ಸಮಸ್ಯೆ ಬೇರೆಯೇ ಆದ್ದರಿಂದ ಅದನ್ನು ಇಲ್ಲಿ ಸೇರಿಸಿಲ್ಲ. ಬೋದು ಎಂದರೆ ಏರಿಸಿದ ಮಣ್ಣಿನ ದಿಂಡು, ಸಾಲು ಎಂದರೆ ಎರಡು ಬೋದುಗಳ ನಡುವಿನ ತಗ್ಗು ಎಂಬ ಅರ್ಥದಲ್ಲಿ ಈ ಎರಡು ಪದಗಳನ್ನು ಉದ್ದಕ್ಕೂ ಬಳಸಲಾಗಿದೆ.

ಯಾವುದರ ಕೆಲಸ ಯಾವುದು

ದೋಷ ಹುಡುಕುವ ಮುನ್ನ ಹೊದಿಕೆಯ ಕೆಲಸವನ್ನೂ ಬೋದಿನ ಕೆಲಸವನ್ನೂ ಬೇರ್ಪಡಿಸಿ ನೋಡಬೇಕು. ಬಿರುಮಳೆಯ ದೊಡ್ಡ ಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿರುತ್ತದೆ. ಬರಿಯ ಮಣ್ಣಿನ ಮೇಲೆ ಬಿದ್ದರೆ ಅದು ಹೆಂಟೆಯನ್ನು ಒಡೆದು, ನಯವಾದ ಕಣಗಳನ್ನು ಸಿಡಿಸಿ, ಅದೇ ಕಣಗಳಿಂದ ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಬೀಳುವ ಮಳೆ ಇಂಗಲು ದಾರಿಯಿಲ್ಲದೆ ಹರಿಯತೊಡಗುತ್ತದೆ. ಈ ಏಟನ್ನು ತಾನು ತಿಂದು ಮಣ್ಣನ್ನು ಉಳಿಸುವುದು ಹೊದಿಕೆಯ ಕೆಲಸ. ಹೊದಿಕೆಯನ್ನೂ ದಾಟಿ ಹರಿಯಲು ಹೊರಟ ನೀರನ್ನು ಅಲ್ಲಲ್ಲೇ ತಡೆದು ನಿಲ್ಲಿಸುವುದು, ನಿಲ್ಲಿಸಲಾಗದಿದ್ದರೆ ನಿಧಾನವಾಗಿ ಪಕ್ಕಕ್ಕೆ ಸಾಗಿಸುವುದು ಬೋದಿನ ಕೆಲಸ. ಏಟು ತಡೆಯಲು ಬೋದಿಗೆ ಆಗುವುದಿಲ್ಲ. ಒಮ್ಮೆ ರಭಸ ಪಡೆದ ನೀರನ್ನು ನಿಲ್ಲಿಸಲು ಸಡಿಲ ಹೊದಿಕೆಗೂ ಆಗುವುದಿಲ್ಲ.

ಅಮೆರಿಕದಲ್ಲಿ ವಿಷ್‌ಮಯರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ರೂಪಿಸಿದ, 1965ರಲ್ಲಿ ಪ್ರಕಟವಾಗಿ 1978ರಲ್ಲಿ ಪರಿಷ್ಕೃತವಾದ ಮಣ್ಣಿನ ಸವಕಳಿಯ ಸಮೀಕರಣದಲ್ಲಿಯೂ ಇವೆರಡು ಬೇರೆ ಬೇರೆ ಅಂಶಗಳಾಗಿಯೇ ನಿಲ್ಲುತ್ತವೆ ಮತ್ತು ಒಂದಕ್ಕೊಂದು ಗುಣಾಕಾರವಾಗುತ್ತವೆ. ನೂರಕ್ಕೆ ಮೂರರಿಂದ ಎಂಟರ ಇಳಿಜಾರಿನಲ್ಲಿ ಸಮಪಾತಳಿಯಲ್ಲಿ, ಎಂದರೆ ಒಂದೇ ಮಟ್ಟದ ಗೆರೆಗುಂಟ, ಉತ್ತು ಬಿತ್ತುವುದರಿಂದ ಸವಕಳಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಆ ಸಮೀಕರಣ ಲೆಕ್ಕ ಹಿಡಿಯುತ್ತದೆ. ಹೊದಿಕೆಯೂ ಸೇರಿದರೆ ಆ ಅರ್ಧದಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು ಸವಕಳಿ ತಪ್ಪುತ್ತದೆ. ಆದರೆ ಬೋದು ಒಡೆದರೆ ಲೆಕ್ಕ ಮೊದಲಿನ ಸ್ಥಿತಿಗೆ ಮರಳುವುದಷ್ಟೇ ಅಲ್ಲ, ಅದಕ್ಕಿಂತಲೂ ಕೆಡುತ್ತದೆ. ಇಡೀ ಸಾಲಿನಲ್ಲಿ ನಿಂತಿದ್ದ ನೀರು ಒಂದೇ ಬಾಯಿಯಿಂದ ನುಗ್ಗುವುದರಿಂದ, ಬೋದೇ ಇಲ್ಲದ ಸಪಾಟು ಹೊಲದಲ್ಲಿ ಎಂದೂ ಬೀಳದ ಕೊರಕಲು ಅಲ್ಲಿ ಬೀಳುತ್ತದೆ.

ಊಹೆಗೆ ಮುನ್ನ ಅಳತೆ

ಎಷ್ಟು ಮಣ್ಣು ಹೋಗುತ್ತಿದೆ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಕಿರುಗೊರಕಲು ಕಣ್ಣಿಗೆ ರಾಚುತ್ತದೆ. ಹೊಲದ ಮೈಯಿಂದ ಸಮನಾಗಿ ಎದ್ದುಹೋಗುವ ಪದರ ಕಾಣುವುದೇ ಇಲ್ಲ. ಇದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗೇಣುದ್ದದ ಕಬ್ಬಿಣದ ಮೊಳೆ ಮತ್ತು ಅದಕ್ಕೆ ಸಡಿಲವಾಗಿ ಕೂರುವ ವಾಷರ್ ಸಾಕು. ವಾಷರನ್ನು ನೆಲಕ್ಕೆ ತಾಗುವಂತೆ ಇಟ್ಟು, ಅದರ ಮೂಲಕ ಮೊಳೆಯನ್ನು ಹೊಡೆದು, ತಲೆ ಮಾತ್ರ ವಾಷರಿಗೆ ಮುಟ್ಟುವಷ್ಟು ಇಳಿಸಬೇಕು. ಮಳೆಯಿಂದ ನೆಲ ಸವೆದಂತೆ ವಾಷರ್ ಕೆಳಗೆ ಇಳಿಯುತ್ತದೆ; ಮೊಳೆಯ ತಲೆಗೂ ವಾಷರಿಗೂ ನಡುವೆ ಉಂಟಾಗುವ ಅಂತರವೇ ಕಳೆದುಹೋದ ಮಣ್ಣಿನ ದಪ್ಪ. ವಾಷರಿನ ಮೇಲೆಯೇ ಮಣ್ಣು ಕೂತಿದ್ದರೆ ಮೇಲಿನಿಂದ ಬಂದ ಗೋಡು ಅಲ್ಲಿ ಶೇಖರವಾಗಿದೆ ಎಂದರ್ಥ. ಮೇಲ್ಭಾಗ, ನಡುಭಾಗ, ಕೆಳಭಾಗಗಳಲ್ಲಿ ತಲಾ ನಾಲ್ಕೈದು ಮೊಳೆಗಳನ್ನು, ಬೋದಿನ ಓರೆಯಲ್ಲಿ ಕೆಲವು ಮತ್ತು ಸಾಲಿನ ತಳದಲ್ಲಿ ಕೆಲವು ಬರುವಂತೆ ಹೊಡೆದು, ಅಲ್ಲೊಂದು ಬಣ್ಣದ ಕಡ್ಡಿ ನೆಟ್ಟರೆ ಎಡೆ ಹೊಡೆಯುವಾಗ ಕಳೆದುಹೋಗುವುದಿಲ್ಲ.

ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು ಎಂದರೆ ನಾಲ್ಕು ಘನಮೀಟರ್, ತೂಕದಲ್ಲಿ ಐದು ಟನ್ನಿಗೂ ಮೇಲೆ. ಈ ಲೆಕ್ಕ ಹಾಕಿ ನೋಡಿದವರಿಗೆ ಮಾತ್ರ ಆ ತೂಕದ ಅರಿವಾಗುತ್ತದೆ: ಉಗುರಿನ ದಪ್ಪದ ಆ ಸಂದಿಯನ್ನು ಕಂಡು ಯಾರಿಗೂ ಗಾಬರಿಯಾಗುವುದಿಲ್ಲ. ಧ್ರುವನಾರಾಯಣ ಮತ್ತು ರಾಂಬಾಬು ಅವರು 1983ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಭಾರತದ ಸರಾಸರಿ ಸವಕಳಿ ವರ್ಷಕ್ಕೆ ಹೆಕ್ಟೇರಿಗೆ 16.35 ಟನ್. ಮೊಳೆಯ ಭಾಷೆಯಲ್ಲಿ ಹೇಳುವುದಾದರೆ ಅದು ಒಂದೂಕಾಲು ಮಿಲಿಮೀಟರಿನ ಆಸುಪಾಸು. ನಿಮ್ಮ ಹೊಲದ ಮೊಳೆಗಳು ಒಂದೇ ಹಂಗಾಮಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ತೋರಿಸಿದರೆ ದೋಷ ಗಂಭೀರವಾದದ್ದು. ಬೋದು ಏರಿಸಿದ ಮೊದಲ ಎರಡು ವಾರ ಸಡಿಲ ಮಣ್ಣು ತಾನಾಗಿಯೇ ಕುಗ್ಗುವುದರಿಂದ ಮೊಳೆಗಳನ್ನು ಅದಾದ ಮೇಲೆ ಹೊಡೆಯುವುದು ಒಳ್ಳೆಯದು. ಇಲ್ಲವಾದರೆ ಕುಗ್ಗಿದ್ದನ್ನೇ ಕೊಚ್ಚಣೆ ಎಂದು ಲೆಕ್ಕ ಹಾಕಿದಂತಾಗುತ್ತದೆ.

ಹೊದಿಕೆಯನ್ನು ಅಳೆಯಲು ಒಂದು ಹಗ್ಗ ಬೇಕು. ಹದಿನೈದು ಮೀಟರ್ ಹಗ್ಗಕ್ಕೆ ಹದಿನೈದು ಸೆಂಟಿಮೀಟರಿಗೊಂದರಂತೆ ನೂರು ಗುರುತು ಹಾಕಿ, ಸಾಲುಗಳಿಗೆ ಓರೆಯಾಗಿ ಎಳೆದು ಹಿಡಿಯಬೇಕು. ನೇರ ಮೇಲಿನಿಂದ ನೋಡಿದಾಗ ಎಷ್ಟು ಗುರುತುಗಳ ಕೆಳಗೆ ಕಡ್ಡಿ ಅಥವಾ ಸೊಪ್ಪು ಇದೆಯೋ ಅಷ್ಟೇ ಶೇಕಡಾ ನೆಲ ಮುಚ್ಚಿದೆ. ಮೂರು ಕಡೆ ಎಳೆದು ಸರಾಸರಿ ತೆಗೆಯಿರಿ. ನೆಲದ ಶೇ. 30ರಷ್ಟು ಮುಚ್ಚಿದ್ದರೂ ಸವಕಳಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮೊದಲ ಮೂವತ್ತರಿಂದ ಸಿಗುವ ಲಾಭ ಕೊನೆಯ ಮೂವತ್ತರಿಂದ ಸಿಗುವುದಿಲ್ಲ. ಆದ್ದರಿಂದ ಇರುವ ಅಲ್ಪ ಹೊದಿಕೆಯನ್ನು ಒಂದು ಮೂಲೆಯಲ್ಲಿ ದಪ್ಪಗೆ ಹಾಸುವುದಕ್ಕಿಂತ ಇಡೀ ಹೊಲಕ್ಕೆ ತೆಳುವಾಗಿ ಹರಡುವುದೇ ಮೇಲು. ಎರಚಿದ ದಿನದ ಅಳತೆಗೆ ಬೆಲೆಯಿಲ್ಲ. ಮಳೆ ಜೋರಾಗುವ ಹೊತ್ತಿಗೆ, ಗೆದ್ದಲು ತಿಂದು, ಗಾಳಿ ಒಯ್ದು, ದನ ಮೇದು ಉಳಿದದ್ದು ಎಷ್ಟು ಎಂಬುದೇ ಬೇಕಾದ ಸಂಖ್ಯೆ.

ಕೆಳಗಿನಿಂದ ಮೇಲಕ್ಕೆ ನಡೆಯುವುದು

ಮಳೆ ಬೀಳುತ್ತಿರುವಾಗಲೇ, ಗುಡುಗು ಸಿಡಿಲು ಇಲ್ಲದ ಹೊತ್ತಿನಲ್ಲಿ, ಹೊಲದಲ್ಲಿ ನಡೆಯುವುದಕ್ಕಿಂತ ಉತ್ತಮವಾದ ಪರೀಕ್ಷೆ ಇನ್ನೊಂದಿಲ್ಲ. ಅದು ಆಗದಿದ್ದರೆ ಮರುದಿನ ಬೆಳಿಗ್ಗೆ, ಗುರುತುಗಳು ಅಳಿಯುವ ಮುನ್ನ ಹೋಗಬೇಕು. ಗೋಡು ನಿಂತ ಜಾಗದಿಂದ ಆರಂಭಿಸಿ, ನೀರು ಬಂದ ದಾರಿಯನ್ನೇ ಹಿಡಿದು ಒಂದೊಂದೇ ಬೋದು ದಾಟುತ್ತ ಮೇಲಕ್ಕೆ ಹೋಗಬೇಕು. ಮೊದಲು ಒಡೆದ ಬೋದು ಯಾವುದು ಎಂಬುದು ಸಿಗುವವರೆಗೆ ನಿಲ್ಲಬಾರದು, ಸಿಕ್ಕ ಮೇಲೂ ಅದರ ಮೇಲಿನ ಸಾಲನ್ನು ಎರಡೂ ಕಡೆ ಕೊನೆಯವರೆಗೆ ನೋಡಬೇಕು.

ಹಾವೇರಿ ಜಿಲ್ಲೆಯ ಹಿರೇಕೆರೂರು ಕಡೆ ಒಂದು ಗೋವಿನಜೋಳದ ಹೊಲದಲ್ಲಿ ಹೀಗೆ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಹೊಲದ ನಡುವೆ ಹನ್ನೊಂದು ಬೋದುಗಳು ಒಂದೇ ಗೆರೆಯಲ್ಲಿ ಒಡೆದಿದ್ದವು. ಕೊನೆಯ ಬೋದಿನ ಬಾಯಿ ಎರಡು ಮೊಳ ಅಗಲವಿತ್ತು. ಮೇಲೆ ಹೋದಂತೆ ಬಾಯಿಗಳು ಕಿರಿದಾಗುತ್ತ ಬಂದು, ಮೊದಲನೆಯದು ಅಂಗೈ ಅಗಲದ್ದಾಗಿತ್ತು. ಹೊಲದ ಯಜಮಾನರು ಕೆಳಗಿನ ದೊಡ್ಡ ಬಾಯಿಯನ್ನು ತೋರಿಸಿ, "ಇಲ್ಲಿ ಮಣ್ಣ ಸಡಿಲ ಐತ್ರಿ, ಪ್ರತಿವರ್ಷ ಇಲ್ಲೇ ಒಡೀತೈತಿ" ಎಂದರು. ಮೂರು ವರ್ಷದಿಂದ ಅಲ್ಲಿಗೇ ಮಣ್ಣು ಏರಿಸುತ್ತಿದ್ದರಂತೆ. ಮೊದಲ ಬೋದಿನ ಮೇಲಿನ ಸಾಲಿನಲ್ಲಿ ನಡೆದುಹೋದರೆ, ಅದು ಮೇಲ್ಬದುವಿನ ಒಂದು ತಗ್ಗಿಗೆ ಕೂಡಿಕೊಂಡಿತ್ತು. ಬದುವಿನ ಆಚೆ ಬಂಡಿಜಾಡು. ಟ್ರ್ಯಾಕ್ಟರ್ ಗಾಲಿಯ ಗುಣಿಗಳಲ್ಲಿ ಹರಿದುಬಂದ ಹಳದಿ ಗೋಡಿನ ಎಳೆ ಆ ತಗ್ಗಿನ ಮೂಲಕ ಹೊಲದೊಳಗೆ ಬಂದದ್ದು ಎಳೆ ಎಳೆಯಾಗಿ ಕಾಣುತ್ತಿತ್ತು, ಹೊಲದ ಮಣ್ಣೋ ಕೆಂಪು. ಅಂದರೆ ಆ ಹೊಲದ ಬೋದುಗಳು ತಮ್ಮ ಮೇಲೆ ಬಿದ್ದ ಮಳೆಯ ಜೊತೆಗೆ ದಾರಿಯ ನೀರನ್ನೂ ಹೊರಬೇಕಾಗಿತ್ತು. ಬದುವಿನ ತಗ್ಗನ್ನು ಮುಚ್ಚಿ, ಬಂಡಿಜಾಡಿನ ನೀರನ್ನು ಪಕ್ಕದ ಹಳ್ಳದ ಕಡೆ ತಿರುಗಿಸುವ ಒಂದು ಅಡಿ ಆಳದ ಕಾಲುವೆ ತೆಗೆದದ್ದು ಒಂದು ದಿನದ ಕೆಲಸ. ಕೆಳಗಿನ ಬೋದುಗಳಿಗೆ ಆ ವರ್ಷ ಯಾರೂ ಮಣ್ಣು ಏರಿಸಲಿಲ್ಲ, ಅವು ಒಡೆಯಲೂ ಇಲ್ಲ.

ಮಣ್ಣಿನ ಬಣ್ಣ, ದಾರಿಯ ಜಲ್ಲಿ, ಪಕ್ಕದ ಹೊಲದ ಬೆಳೆಯ ಕಸ, ಇಂಥವೆಲ್ಲ ಹೊರಗಿನ ನೀರಿನ ಸಾಕ್ಷಿಗಳು. ಹೊರಗಿನ ನೀರು ನುಗ್ಗುತ್ತಿರುವವರೆಗೆ ಹೊಲದೊಳಗಿನ ಬೇರಾವ ರಿಪೇರಿಯೂ ನಿಲ್ಲುವುದಿಲ್ಲವಾದ್ದರಿಂದ ಈ ಪರೀಕ್ಷೆಯನ್ನೇ ಮೊದಲು ಮುಗಿಸಬೇಕು.

ಹೊರಗಿನ ನೀರಿಲ್ಲ, ಆದರೂ ಬೋದುಗಳು ಒಂದೇ ಗೆರೆಯಲ್ಲಿ ಒಡೆಯುತ್ತಿವೆ

ಇದರ ಕಾರಣ ಬಹುತೇಕ ಯಾವಾಗಲೂ ಸಾಲಿನ ಓಟ, ಎಂದರೆ ಸಾಲಿನ ಉದ್ದಕ್ಕೂ ಇರುವ ಇಳಿತ. ಟ್ರ್ಯಾಕ್ಟರ್ ತಿರುಗಿಸುವುದು ಸುಲಭವಾಗಲಿ ಎಂದು ಹೊಲದ ಉದ್ದಕ್ಕೆ ಬೋದು ಎಳೆಯಲಾಗುತ್ತದೆ; ಹೊಲದ ಉದ್ದಕ್ಕೂ ಸಮಪಾತಳಿಯ ಗೆರೆಗೂ ಸಂಬಂಧವೇ ಇರುವುದಿಲ್ಲ. ಕಣ್ಣಿಗೆ ಮಟ್ಟವಾಗಿಯೇ ಕಾಣುವ ಸಾಲು ನೂರು ಮೀಟರಿಗೆ ಒಂದು ಮೀಟರ್ ಇಳಿಯುತ್ತಿದ್ದರೂ ಸಾಕು, ಬೋದು ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಈ ಮಾತು ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಬೋದುಗಳ ಅಂತರ 60 ಸೆಂಟಿಮೀಟರ್, ಸಾಲಿನ ಆಳ 15 ಸೆಂಟಿಮೀಟರ್, ಉದ್ದ 60 ಮೀಟರ್, ಕೆಳತುದಿ ಮುಚ್ಚಿದೆ ಎಂದುಕೊಳ್ಳೋಣ. ಸಾಲು ಪೂರ್ತಿ ಮಟ್ಟವಾಗಿದ್ದರೆ ಅದು ತುಂಬಲು ಸುಮಾರು 2700 ಲೀಟರ್ ನೀರು ಬೇಕು, ಅಂದರೆ ಆ ಸಾಲಿನ ಪಾಲಿನ ನೆಲದ ಮೇಲೆ 75 ಮಿಲಿಮೀಟರ್ ಮಳೆ ಒಂದು ಹನಿಯೂ ಇಂಗದೆ ನಿಂತರೂ ಬೋದು ಅದನ್ನು ತಡೆಯಬಲ್ಲದು. ಅದೇ ಸಾಲು ನೂರಕ್ಕೆ ಒಂದರಂತೆ ಇಳಿದರೆ, ಕೆಳತುದಿಯಲ್ಲಿ ನೀರು 15 ಸೆಂಟಿಮೀಟರ್ ಏರುವ ಹೊತ್ತಿಗೆ ಅದು ಮೇಲಕ್ಕೆ ಚಾಚುವುದು ಬರೀ 15 ಮೀಟರ್. ಉಳಿದ 45 ಮೀಟರ್ ಸಾಲು ಖಾಲಿ. ಆಗ ಹಿಡಿಯುವುದು 225 ಲೀಟರ್, ಮಳೆಯ ಲೆಕ್ಕದಲ್ಲಿ ಆರು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಹನ್ನೆರಡರಲ್ಲಿ ಒಂದು ಪಾಲು. ಉಕ್ಕಿದ ನೀರು ಅತಿ ತಗ್ಗಾದ ಕಡೆಯಲ್ಲೇ ಬೋದನ್ನು ಕೊರೆದು ಕೆಳಗಿನ ಸಾಲಿಗೆ ಬೀಳುತ್ತದೆ, ಅದೂ ಆಗಲೇ ತುಂಬಿರುತ್ತದೆ, ಹೀಗೆ ಸಾಲುಗಟ್ಟಿ ಒಡೆಯುತ್ತವೆ.

ಪರೀಕ್ಷೆಗೆ ಹತ್ತು ಮೀಟರಿಗಿಂತ ತುಸು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ಗುಳ್ಳೆಗಳಿಲ್ಲದಂತೆ ನೀರು ತುಂಬಿ, ಎರಡು ತುದಿಗಳನ್ನು ಸಮಾನ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ, ಸಾಲಿನ ತಳದಲ್ಲಿ ಇಟ್ಟುಕೊಂಡು ಹೋಗಬೇಕು. ಗಾರೆ ಕೆಲಸದವರ ಬಳಿ ಇರುವ ಲೆವೆಲ್ ಪೈಪೇ ಇದು. ಹತ್ತು ಮೀಟರಿಗೆ ಐದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದ ಕಡೆಯಲ್ಲೆಲ್ಲ ಗೂಟ ನೆಡುತ್ತ ಹೋದರೆ, ಕೆಲವೇ ಸಾಲು ಮುಗಿಸುವಷ್ಟರಲ್ಲಿ ಹೊಲದ ನಿಜವಾದ ಓಟ ಯಾವ ಕಡೆಗಿದೆ ಎಂಬುದು ಗೂಟಗಳಲ್ಲೇ ಮೂಡಿರುತ್ತದೆ.

ಬೆಳೆ ನಿಂತಿರುವಾಗ ಸಾಲಿನ ದಿಕ್ಕು ಬದಲಿಸಲು ಬರುವುದಿಲ್ಲ. ಮಸಾರಿ ಹೊಲದಲ್ಲಿ ಆಗ ಮಾಡಬಹುದಾದದ್ದು ಸಾಲಿಗೆ ಅಡ್ಡಗಟ್ಟೆ ಹಾಕುವುದು. ಮೂರು ಮೀಟರಿಗೊಂದು, ಹತ್ತು ಸೆಂಟಿಮೀಟರ್ ಎತ್ತರದ ಗಟ್ಟೆಗಳನ್ನು ಸನಿಕೆಯಿಂದ ಎಳೆದರೆ, ಮೇಲಿನ ಲೆಕ್ಕದ ಸಾಲೇ ಆರರ ಬದಲು 24 ಮಿಲಿಮೀಟರಿನಷ್ಟು ಮಳೆಯನ್ನು ಹಿಡಿಯಬಲ್ಲದು. ಗಟ್ಟೆ ಬೋದಿಗಿಂತ ತಗ್ಗಾಗಿರಲೇಬೇಕು, ಏಕೆಂದರೆ ಉಕ್ಕುವ ನೀರು ಗಟ್ಟೆ ದಾಟಿ ಸಾಲಿನಲ್ಲೇ ಮುಂದಕ್ಕೆ ಹೋಗಬೇಕೇ ಹೊರತು ಬೋದನ್ನು ಹತ್ತಬಾರದು. ಇದನ್ನು ಮರೆತು ಗಟ್ಟೆಯನ್ನು ಬೋದಿನಷ್ಟೇ ಎತ್ತರಿಸಿದ ಹೊಲಗಳಲ್ಲಿ ಹಾನಿ ಹೆಚ್ಚಾದದ್ದೂ ಉಂಟು. ಮುಂದಿನ ಹಂಗಾಮಿನಲ್ಲಿ ಅದೇ ಪೈಪಿನಿಂದ ಒಂದೇ ಮಟ್ಟದಲ್ಲಿ ಗೂಟ ನೆಟ್ಟು, ಆ ಗುರುತಿನ ಮೇಲೆ ಮೊದಲ ಬೋದನ್ನು ಎಳೆದು, ಉಳಿದವನ್ನು ಅದಕ್ಕೆ ಸಮನಾಗಿ ತರಬೇಕು. ಮೂಲೆಗಳಲ್ಲಿ ನಾಲ್ಕಾರು ಗಿಡ್ಡ ಸಾಲು ಉಳಿಯುವುದನ್ನು ಸಹಿಸಿಕೊಳ್ಳಬೇಕಾಗುತ್ತದೆ.

ಬೋದು ಒಡೆದಿಲ್ಲ, ಆದರೆ ಚಪ್ಪಟೆಯಾಗಿದೆ, ಸಾಲು ತುಂಬಿಕೊಂಡಿದೆ

ಇಲ್ಲಿ ತಪ್ಪಿದ್ದು ಬೋದಿನ ಕೆಲಸವಲ್ಲ, ಹೊದಿಕೆಯದು. ಬೋದು ಏರಿಸುವುದೆಂದರೆ ಸಪಾಟು ನೆಲದಲ್ಲಿ ನೂರಾರು ಕಡಿದಾದ ಓರೆಗಳನ್ನು ನಾವೇ ನಿರ್ಮಿಸುವುದು. ನೂರಕ್ಕೆ ಎರಡರ ಇಳಿಜಾರಿನ ಹೊಲದಲ್ಲಿ ಬೋದಿನ ಮಗ್ಗುಲು ನೂರಕ್ಕೆ ಐವತ್ತರ ಇಳಿಜಾರು. ಅದು ಬರಿದಾಗಿದ್ದರೆ ಪ್ರತಿ ಹನಿಯೂ ಮಣ್ಣನ್ನು ಸಾಲಿಗೆ ಸಿಡಿಸುತ್ತದೆ. ಹದಿನೈದು ಸೆಂಟಿಮೀಟರಿನ ಸಾಲು ಎಂಟಕ್ಕೆ ಇಳಿದರೆ ಅದರ ಹಿಡಿತ, ಮಟ್ಟದ ಸಾಲಿನಲ್ಲಿಯೂ, 75 ಮಿಲಿಮೀಟರಿನಿಂದ 40ಕ್ಕೆ ಬೀಳುತ್ತದೆ. ಮುಂದಿನ ಮಳೆಗೆ ಅದು ಒಡೆಯುವ ಬೋದಾಗುತ್ತದೆ.

ಗುರುತಿಸುವುದು ಸುಲಭ. ಬೋದಿನ ಮಗ್ಗುಲಲ್ಲಿ ಸಣ್ಣ ಕಲ್ಲು ಅಥವಾ ಕಡ್ಡಿಯ ಕೆಳಗೆ ಮಾತ್ರ ಮಣ್ಣು ಉಳಿದು ಪುಟ್ಟ ಕಂಬಗಳಂತೆ ನಿಂತಿರುತ್ತದೆ, ಗಿಡದ ಕೆಳಗಿನ ಎಲೆಗಳ ಹಿಂಬದಿಗೆ ಮಣ್ಣು ಸಿಡಿದಿರುತ್ತದೆ. ಕೆಂಪು ಮಣ್ಣಿನಲ್ಲಿ ಒಣಗಿದ ಮೇಲೆ ಮೇಲ್ಪದರ ಹಪ್ಪಳದಂತೆ ಎದ್ದು ಬರುತ್ತದೆ. ಅದೇ ಹೊಲದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿನಲ್ಲಿ ನಿಧಾನವಾಗಿ ಬಿಟ್ಟು ನೋಡಿ. ಬದುವಿನ ಹುಲ್ಲಿನ ಬುಡದಿಂದ ತಂದ ಹೆಂಟೆ ಬಹಳ ಹೊತ್ತು ಗಟ್ಟಿಯಾಗಿಯೇ ಇರುತ್ತದೆ. ವರ್ಷಗಟ್ಟಲೆ ಗೊಬ್ಬರ ಕಾಣದೆ ಉತ್ತ ಹೊಲದ ಹೆಂಟೆ ಒಂದೆರಡು ನಿಮಿಷದಲ್ಲಿ ಕುಸಿದು ಲೋಟದ ತಳದಲ್ಲಿ ಗುಪ್ಪೆಯಾಗುತ್ತದೆ. ಎರಡೂ ಲೋಟಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಆಮೇಲೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ. ಕೊಟ್ಟಿಗೆ ಗೊಬ್ಬರ, ಸೆಣಬಿನಂಥ ಹಸಿರೆಲೆ ಗೊಬ್ಬರ, ಬೇರುಗಳನ್ನು ಕೀಳದೆ ಬಿಟ್ಟ ಕೂಳೆ, ಇವುಗಳಿಂದ ಹೆಂಟೆಗೆ ಬಲ ಬರಲು ಕೆಲವು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಮಗ್ಗುಲನ್ನು ಮುಚ್ಚುವುದೇ ದಾರಿ. ಬೋದಿನ ನೆತ್ತಿಯಲ್ಲಿ ಮುಖ್ಯ ಬೆಳೆ, ಮಗ್ಗುಲಲ್ಲಿ ಹುರುಳಿ ಅಥವಾ ಅಲಸಂದೆಯಂಥ ಹಬ್ಬುವ ಬೆಳೆ ಇದ್ದರೆ ಅದೇ ಜೀವಂತ ಹೊದಿಕೆಯಾಗುತ್ತದೆ.

ಹೊದಿಕೆ ತೇಲಿಹೋಗಿದೆ

ಹಾಸಿದ ದಂಟೆಲ್ಲ ಕೆಳಬದುವಿನಲ್ಲಿ ಬಣವೆಯಂತೆ ಒಟ್ಟಿದ್ದರೆ, ಸಾಲಿನಲ್ಲಿ ನೀರಿನ ವೇಗ ಹೊದಿಕೆಯ ಹಿಡಿತವನ್ನು ಮೀರಿದೆ. ಹೆಚ್ಚು ಹುಲ್ಲು ತಂದು ಹಾಸಿದರೆ ಅದೂ ತೇಲುತ್ತದೆ. ಮೊದಲು ಮೇಲೆ ಹೇಳಿದ ಓಟವನ್ನು ಸರಿಪಡಿಸಬೇಕು, ಬಳಿಕ ಹೊದಿಕೆ ನೆಲಕ್ಕೆ ಅಂಟಿಕೊಂಡಿದೆಯೇ ಎಂದು ನೋಡಬೇಕು. ಉದ್ದುದ್ದ ಜೋಳದ ದಂಟು, ಕಬ್ಬಿನ ರವದಿ (ಒಣ ಸೋಗೆ) ಇವು ನೆಲದಿಂದ ಸ್ವಲ್ಪ ಮೇಲೆ ಸೇತುವೆಯಂತೆ ನಿಲ್ಲುತ್ತವೆ. ಹೊದಿಕೆಯನ್ನು ಎತ್ತಿ ನೋಡಿದರೆ ಕೆಳಗೆ ಬೆರಳಿನ ಅಗಲದ ಕಿರುಗೊರಕಲುಗಳು ಹರಿದಿರುವುದು ಕಾಣುತ್ತದೆ. ದಂಟನ್ನು ಮೊಳದುದ್ದಕ್ಕೆ ಕತ್ತರಿಸಿ, ಸಾಲಿಗೆ ಅಡ್ಡಲಾಗಿ ಇಟ್ಟು, ಮೇಲೆ ಅಲ್ಲಲ್ಲಿ ಒಂದು ಹಿಡಿ ಮಣ್ಣು ಹಾಕಿದರೆ ಅಂಟಿಕೊಳ್ಳುತ್ತದೆ. ಕೊಯ್ಲಿನಲ್ಲಿ ಬೇರಿನೊಂದಿಗೆ ಬಿಟ್ಟ ಮೊಳದುದ್ದದ ಕೂಳೆಗಿಂತ ಒಳ್ಳೆಯ ಮೊಳೆ ಬೇರೆ ಇಲ್ಲ. ತೇಲುವ ಕಸ ಅದಕ್ಕೆ ಸಿಕ್ಕಿ ನಿಲ್ಲುತ್ತದೆ.

ಹೊದಿಕೆಗೆ ಹೆಕ್ಟೇರಿಗೆ ಸುಮಾರು ಐದು ಟನ್ ಒಣಕಸ, ಅಂದರೆ ಒಂದು ಚದರ ಮೀಟರಿಗೆ ಅರ್ಧ ಕಿಲೋ ಬೇಕು ಎಂದು ಹೇಳುವುದು ವಾಡಿಕೆ. ಬಯಲುಸೀಮೆಯಲ್ಲಿ ಇಷ್ಟು ಕಣಿಕೆ ಹೊಲಕ್ಕೆ ಉಳಿಯುವುದಿಲ್ಲ. ಅದು ದನಗಳ ಮೇವು. ಎತ್ತಿನ ಬಾಯಿಂದ ಕಿತ್ತು ನೆಲಕ್ಕೆ ಹಾಸಿರಿ ಎಂದು ಹೇಳುವುದು ಸರಿಯೂ ಅಲ್ಲ. ದನ ಮುಟ್ಟದ ತೊಗರಿ ಕಟ್ಟಿಗೆಯ ಸಣ್ಣ ರೆಂಬೆ, ಸೂರ್ಯಕಾಂತಿ ದಂಟು, ಶೇಂಗಾ ಸಿಪ್ಪೆ, ಬದುವಿನ ಮೇಲೆ ಬೆಳೆಸಿದ ಗೊಬ್ಬರದ ಗಿಡದ ಸೊಪ್ಪು, ಹೊಂಗೆ ಸೊಪ್ಪು ಇವುಗಳನ್ನು ಲೆಕ್ಕಕ್ಕೆ ತಂದರೆ ಶೇ. 30ರ ಗುರಿ ಮುಟ್ಟುವುದು ಸಾಧ್ಯ. ಕಬ್ಬಿನ ಸೀಮೆಯಲ್ಲಂತೂ ಕೊರತೆಯ ಮಾತೇ ಇಲ್ಲ. ಅಲ್ಲಿ ರವದಿಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿದರೆ ಸಾಕು.

ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಎಚ್ಚರ ಬೇಕು. ಹದ ಉಳಿಸಲು, ಕಳೆ ತಡೆಯಲು ಅದು ಉಪಯುಕ್ತ. ಸವಕಳಿಯ ದೃಷ್ಟಿಯಿಂದ ಅದು ಹೊದಿಕೆಯೇ ಅಲ್ಲ, ಸೂರು. ನಾಲ್ಕು ಅಡಿ ಅಂತರದ ಬೋದಿನ ಮೇಲೆ ಎರಡೂವರೆ ಅಡಿ ಹಾಳೆ ಹಾಸಿದರೆ ನಾಲ್ಕು ಅಡಿಯ ಮಳೆಯೆಲ್ಲ ಒಂದೂವರೆ ಅಡಿಯ ಬರಿ ಸಾಲಿಗೆ ಇಳಿಯುತ್ತದೆ. ಹತ್ತು ಮಿಲಿಮೀಟರ್ ಮಳೆ ಆ ಸಾಲಿಗೆ ಇಪ್ಪತ್ತಾರಕ್ಕೂ ಹೆಚ್ಚು. ಟೊಮೆಟೊ, ಕಲ್ಲಂಗಡಿ ಹೊಲಗಳಲ್ಲಿ ಹಾಳೆ ನೆಟ್ಟಗಿದ್ದರೂ ಸಾಲು ಕೊರಕಲಾಗುವುದು ಇದೇ ಕಾರಣಕ್ಕೆ. ಇಂಥ ಕಡೆ ಸಾಲಿನಲ್ಲಿ ಹುಲ್ಲು ಅಥವಾ ರವದಿ ಹಾಸುವುದು ಕಡ್ಡಾಯವೆಂದೇ ಭಾವಿಸಬೇಕು.

ಎರೆ ಭೂಮಿಯಲ್ಲಿ ಇದೇ ಔಷಧ ತಿರುಗಿಬೀಳಬಹುದು

ಇಲ್ಲಿಯವರೆಗಿನ ಪರಿಹಾರಗಳು ನೀರನ್ನು ನಿಲ್ಲಿಸಿ ಇಂಗಿಸುವ ಮಾತನ್ನೇ ಆಡುತ್ತವೆ. ಆಳವಾದ ಎರೆ ಮಣ್ಣು ಒಣಗಿದಾಗ ಬಿರುಕು ಬಿಟ್ಟು ಮೊದಲ ಮಳೆಯನ್ನೆಲ್ಲ ನುಂಗುತ್ತದೆ. ಒಮ್ಮೆ ನೆನೆದು ಹಿಗ್ಗಿದ ಮೇಲೆ ಗಂಟೆಗೆ ಒಂದೆರಡು ಮಿಲಿಮೀಟರ್ ಸಹ ಇಂಗುವುದಿಲ್ಲ. ಆಗ ಅಡ್ಡಗಟ್ಟೆ ಹಾಕಿದ ಸಾಲಿನಲ್ಲಿ ನೀರು ದಿನಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ, ಕೊನೆಗೆ ಬೋದು ಜಾರಿ ಒಡೆಯುತ್ತದೆ. ಸಮಪಾತಳಿ ಬದುಗಳು ಆಳ ಎರೆ ಭೂಮಿಯಲ್ಲಿ ಕೈಕೊಟ್ಟದ್ದಕ್ಕೂ ಇದೇ ಕಾರಣ: ಒಂದು ಕಡೆ ನೀರು ನಿಲ್ಲುವುದು, ಇನ್ನೊಂದು ಕಡೆ ಬೇಸಿಗೆಯಲ್ಲಿ ಬದುವಿನ ಮೈಯೇ ಬಿರಿದು ಆ ಬಿರುಕಿನಲ್ಲಿ ನೀರು ನುಗ್ಗುವುದು. ಬಳ್ಳಾರಿಯಲ್ಲಿ 1954ರಿಂದ ಇರುವ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ನೆಲೆಗೊಂಡಿರುವುದೂ ಇಂಥ ಎರೆ ಸೀಮೆಯಲ್ಲೇ.

ಆದ್ದರಿಂದ ಎರೆ ಹೊಲದಲ್ಲಿ, ಅದರಲ್ಲೂ ಮುಂಗಾರಿನಲ್ಲೇ ಬೆಳೆ ತೆಗೆಯುವ ಕಡೆ, ಸಾಲು ಪೂರ್ತಿ ಮಟ್ಟವಾಗಿರುವುದೇ ದೋಷ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಎರೆ ಭೂಮಿಗಾಗಿ ರೂಪಿಸಿದ ಅಗಲ ಏರುಮಡಿ ಪದ್ಧತಿಯಲ್ಲಿ ಒಂದು ಮೀಟರ್ ಅಗಲದ ಮಡಿ, ಅರ್ಧ ಮೀಟರಿನ ಸಾಲು, ಆ ಸಾಲಿಗೆ ನೂರು ಮೀಟರಿಗೆ 40ರಿಂದ 80 ಸೆಂಟಿಮೀಟರಿನ ಓಟ ಇರುತ್ತದೆ. ಹೆಚ್ಚಾದ ನೀರು ಹುಲ್ಲು ಬೆಳೆದ ಕಾಲುವೆಗೆ ಮೆಲ್ಲಗೆ ಸೇರುತ್ತದೆ. ಇದೇ ಪದ್ಧತಿ ಅದೇ ಸಂಸ್ಥೆಯ ಕೆಂಪು ಮಣ್ಣಿನಲ್ಲಿ ಅಂಥ ಪ್ರಯೋಜನ ಕೊಡಲಿಲ್ಲ. ನೆರೆಯ ಊರಿನ ಹೊಲದಲ್ಲಿ ಚೆನ್ನಾಗಿ ನಡೆದ ಕ್ರಮವನ್ನು ಮಣ್ಣು ನೋಡದೆ ತರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ವಿಜಯಪುರ ಸೀಮೆಯ ಹಿಂಗಾರಿ ಹೊಲಗಳಲ್ಲಿ ಇನ್ನೊಂದು ದೋಷವಿದೆ, ಅದು ಕಾಲದ್ದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಅಲ್ಲಿ ಬಿಳಿಜೋಳ, ಕಡಲೆ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನಿನಿಂದ ಅಲ್ಲಿಯವರೆಗೆ ಹರಗಿ ಬಿಟ್ಟ ಹೊಲ ಬರಿಮೈಯಲ್ಲಿ ಮಳೆಗೆ ಒಡ್ಡಿಕೊಂಡಿರುತ್ತದೆ. ಬಿತ್ತನೆಯ ನಂತರ ಹಾಕಿದ ಹೊದಿಕೆ ಹದ ಉಳಿಸುತ್ತದೆ, ಆದರೆ ಉತ್ತರಿ ಮಳೆಗೆ ಹೋದ ಮಣ್ಣನ್ನು ಹಸ್ತೆಯ ನಂತರ ಹಾಸಿದ ಹೊದಿಕೆ ತರಲಾರದು. ಇಲ್ಲಿ ಮುಂಗಾರಿನ ಆರಂಭದಲ್ಲೇ ಚೌಕು ಮಡಿ, ಅಂದರೆ ಮೂರರಿಂದ ಐದು ಮೀಟರ್ ಚೌಕದ, ಗೇಣಿಗಿಂತ ತಗ್ಗಾದ ಬದುಗಳ ಮಡಿ ಮಾಡಿ ಬಿಡುವುದು ಸರಿಯಾದ ಕ್ರಮ. ನೆಲ ಒಣಗಿ ಬಾಯಾರಿರುವಾಗ ನಿಂತ ನೀರು ಬಿರುಕಿಗೆ ಇಳಿದು ಹಿಂಗಾರಿಗೆ ಹದವಾಗುತ್ತದೆ. ಮುಂಗಾರಿನಲ್ಲಿ ಹೆಸರಿನಂಥ ಅಲ್ಪಾವಧಿ ಬೆಳೆ ತೆಗೆಯಬಲ್ಲ ಹೊಲದಲ್ಲಿ ಅದೇ ಹೊದಿಕೆ.

ಲೋಟದ ಪರೀಕ್ಷೆಯನ್ನು ಎರೆ ಮಣ್ಣಿಗೂ ಮಾಡಿ. ಹೆಂಟೆ ಕುಸಿಯದೆಯೂ ಅದರ ಸುತ್ತ ಹಾಲಿನಂಥ ಮೋಡ ಹರಡಿ ಗಂಟೆಗಟ್ಟಲೆ ತಿಳಿಯಾಗದಿದ್ದರೆ ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವ ಸಂಶಯವಿದೆ. ನೀರಾವರಿ ಅಚ್ಚುಕಟ್ಟುಗಳ ಸವಳು ಭೂಮಿಯಲ್ಲಿ ಇದು ಸಾಮಾನ್ಯ. ಅಂಥ ಮಣ್ಣು ನೀರು ಮುಟ್ಟಿದೊಡನೆ ಕರಗುವುದರಿಂದ ಬೋದೂ ನಿಲ್ಲುವುದಿಲ್ಲ, ಹೊದಿಕೆಯ ಕೆಳಗೂ ಕೊಚ್ಚುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಹೇಳಿದ ಪ್ರಮಾಣದ ಜಿಪ್ಸಂ ಹಾಕಿ, ಬಸಿಗಾಲುವೆ ಸರಿಪಡಿಸದೆ ಮುಂದಿನ ಯಾವ ಹೆಜ್ಜೆಯೂ ಫಲ ಕೊಡುವುದಿಲ್ಲ.

ಹೆಚ್ಚುವರಿ ನೀರಿಗೆ ದಾರಿ

ಮೇಲಿನ ಯಾವ ದೋಷವೂ ಇಲ್ಲದೆ, ಅತಿ ದೊಡ್ಡ ಮಳೆಗೆ ಮಾತ್ರ ಹೊಲ ಕೆಡುತ್ತಿದ್ದರೆ ಕೋಡಿಯನ್ನು ನೋಡಬೇಕು. ಒಂದು ಎಕರೆಯ ಮೇಲೆ ಬಿದ್ದ 50 ಮಿಲಿಮೀಟರ್ ಮಳೆ ಎರಡು ಲಕ್ಷ ಲೀಟರ್ ನೀರು. ಅದಕ್ಕೆ ನಾವು ದಾರಿ ಕೊಡದಿದ್ದರೆ ತಾನೇ ಮಾಡಿಕೊಳ್ಳುತ್ತದೆ. ಬದುವಿನ ಅತಿ ತಗ್ಗಿನ ಕಡೆ ಕಲ್ಲು ಜೋಡಿಸಿದ, ನೀರು ಬೀಳುವ ಕಡೆಗೂ ಕಲ್ಲು ಹಾಸಿದ ಕೋಡಿ ಇರಬೇಕು. ಅದರ ಮುಂದೆ ಹಾಗೂ ಬದುವಿನ ಉದ್ದಕ್ಕೆ ಲಾವಂಚವನ್ನು ಗೇಣಿಗೊಂದು ಬುಡದಂತೆ ನೆಟ್ಟರೆ ಒಂದೆರಡು ವರ್ಷದಲ್ಲಿ ಗೋಡನ್ನು ಸೋಸುವ ಬೇಲಿಯಾಗುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚ ಬೆಳೆಸುತ್ತಿದ್ದ ಹಳೆಯ ರೂಢಿ ಮಣ್ಣು ಸಂರಕ್ಷಣೆಯ ತಜ್ಞರ ಗಮನ ಸೆಳೆದು ಬೇರೆ ದೇಶಗಳಿಗೂ ಹೋಯಿತು. ನಮ್ಮದೇ ಬದುಗಳಲ್ಲಿ ಅದು ವಿರಳವಾಗಿರುವುದು ನನಗೆ ಬೇಸರದ ಸಂಗತಿ.

ರಿಪೇರಿ ಮಾಡುವಾಗ ಒಮ್ಮೆಗೆ ಒಂದೇ ದೋಷವನ್ನು ಸರಿಪಡಿಸಿ, ಒಂದು ದೊಡ್ಡ ಮಳೆ ಕಳೆದ ಮೇಲೆ ಮೊಳೆಗಳನ್ನು ಮತ್ತೆ ಅಳೆಯಿರಿ. ಸಾಲಿನ ತಳದ ವಾಷರುಗಳ ಮೇಲೆ ಇನ್ನೂ ಮಣ್ಣು ಕೂರುತ್ತಿದ್ದು ಓರೆಯ ವಾಷರುಗಳು ಇಳಿಯುತ್ತಿದ್ದರೆ ಹೊದಿಕೆ ಸಾಲದು. ಓರೆ ನಿಂತು ಸಾಲಿನ ತಳ ಸವೆಯುತ್ತಿದ್ದರೆ ಓಟ ಇನ್ನೂ ಹೆಚ್ಚಿದೆ. ಹೊಲದ ಮೇಲ್ತುದಿಯ ಮೊಳೆಗಳು ಮಾತ್ರ ಅಲುಗಾಡಿದ್ದರೆ ಮತ್ತೊಮ್ಮೆ ಮೇಲ್ಬದುವಿನ ಆಚೆ ನಡೆದು ನೋಡಿ. ಅಂತರಗಳನ್ನು ತಾರೀಖು ಮತ್ತು ಮಳೆಯ ಪ್ರಮಾಣದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೆಳೆ ಕೊಯ್ದ ಮೇಲೆ, ನೇಗಿಲು ಹೂಡುವ ಮೊದಲು ಮೊಳೆಗಳನ್ನು ಕಿತ್ತು ತೆಗೆದುಕೊಳ್ಳಿ; ನೆಲದಲ್ಲಿ ಉಳಿದ ಮೊಳೆ ಎತ್ತಿನ ಗೊರಸಿಗೂ ಟ್ರ್ಯಾಕ್ಟರಿನ ಟೈರಿಗೂ ಅಪಾಯ.